ಸೀಟಿಲ್ಲದ ರಾಕೆಟ್ಟು

ಎರಡೇ ಎರಡು ಸೀಟು ಹೊಲಿದು ಕೊಡಬೇಕಿತ್ತು. ಕೊಡಲಿಲ್ಲ. ಹಾಸಿಗೆ, ದಿಂಬು, ಸೋಫಾದ ಮೆತ್ತೆ ಹೊಲಿದೇ ಹೊಟ್ಟೆ ಹೊರೆದವನು ನಾನು. ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅಂಗಡಿ. ಊರಿನ ಎಷ್ಟೋ ಕುರ್ಚಿಗಳಿಗೆ ಮೆತ್ತೆ ಮಾಡಿಕೊಟ್ಟಿದ್ದೇನೆ. ಒಬ್ಬರು ತಮ್ಮ ನಾಯಿಗೆ ಹಾಸಿಗೆ ಬೇಕೆಂದಾಗ ಆ ನಾಯಿಯನ್ನು ಪುಸಲಾಯಿಸಿ ಮಲಗಿಸಿ ಅಳತೆ ತೆಗೆದುಕೊಂಡಿದ್ದೇನೆ. ಒಡಹುಟ್ಟಿದ ತಮ್ಮ ಕೇಳಿದ ಎರಡು ಸೀಟು ಮಾತ್ರ ನನ್ನ ಕೈಯಿಂದ ಆಗಲಿಲ್ಲ.

ಅದಕ್ಕೆಂದು ಅವನು ಕಳಿಸಿದ ಬೆಳ್ಳಿ ಬಣ್ಣದ ರೆಕ್ಸಿನ್ ಸುರುಳಿ ಅಂಗಡಿಯ ಅಟ್ಟದ ಮೇಲೆ ಬಿದ್ದಿತ್ತು. ಅದೆಂಥ ಬೆಳ್ಳಿ ಅಂತೀರಿ, ಕಣ್ಣು ಕುಕ್ಕುವಂಥದ್ದು. ಬಂದ ಗಿರಾಕಿಗಳೆಲ್ಲ ಮೊದಲು ಅದನ್ನೇ ನೋಡುವರು. "ಅದು ಯಾರ ಮನೆ ಸೋಫಾಕ್ಕೆ ಸಾಬ್ರೆ?" ಎಂದು ಕೇಳುವರು. ನಾನು ಅದನ್ನು ಅಟ್ಟದಿಂದ ಇಳಿಸಿ ಮಿಷನ್ನಿನ ಹಿಂದೆ ಇಟ್ಟೆ. ಅಲ್ಲಿ ಕಾಲಿಗೆ ತಗಲುತ್ತಿತ್ತು. ಮನೆಗೆ ಒಯ್ದು ಮಂಚದ ಕೆಳಗೆ ತಳ್ಳಿದೆ. ಮಲಗಿದರೆ ಅದು ಕೆಳಗಿನಿಂದ ಬೆನ್ನಿಗೆ ಒತ್ತಿದಂತಾಗಿ ಮತ್ತೆ ಅಂಗಡಿಗೇ ತಂದೆ. ಹಾಸಿಗೆ ಮಾಡುವವನಿಗೇ ಹಾಸಿಗೆ ಚುಚ್ಚಿದರೆ ಯಾರಿಗೆ ದೂರು ಕೊಡುವುದು?

ಸೀಟು ಯಾವ ಗಾಡಿಗೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ನಗಬೇಡಿ. ರಾಕೆಟ್ಟಿಗೆ.

ನಾವು ಪಿಂಜಾರರು. ಅಪ್ಪ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಜನರ ಹಳೆ ಹಾಸಿಗೆಯ ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಆಗ ನಮ್ಮ ಮನೆ ನ್ಯಾಮತಿಯಲ್ಲಿತ್ತು. ಅಪ್ಪ ಮನೆಯಲ್ಲೇ ಕೆಲಸ ಹಿಡಿದ ದಿನ ಬಿಲ್ಲಿನ ದಾರ ಟೊಂಯ್ ಟೊಂಯ್ ಅನ್ನುತ್ತಿದ್ದರೆ ಕೋಣೆಯ ತುಂಬ ಅರಳೆ ಹಾರುತ್ತಿತ್ತು. ನನ್ನ ತಮ್ಮ ದಾದಾಪೀರನ ರೆಪ್ಪೆಯ ಮೇಲೆಲ್ಲ ಬಿಳಿ. ಅವನನ್ನು ಮನೆಯಲ್ಲಿ ಪೀರ ಅನ್ನುತ್ತಿದ್ದೆವು. ಅವನು ದಾರದ ಖಾಲಿ ರೀಲನ್ನು ಆ ಹಾರುವ ಹತ್ತಿಯ ನಡುವೆ ತೇಲಿಸಿಕೊಂಡು ಹೋಗಿ ಬಾಯಿಂದ ಸದ್ದು ಮಾಡುವನು. ಅಪ್ಪ ದಬ್ಬಣ ತೋರಿಸಿ ಹೆದರಿಸುವವರೆಗೂ ಆ ರೀಲು ಚಂದ್ರನನ್ನೋ ಮಂಗಳನನ್ನೋ ಸುತ್ತುತ್ತಲೇ ಇರುತ್ತಿತ್ತು.

ಈ ಹುಚ್ಚು ಹತ್ತಿದ್ದು ಎದುರುಮನೆಯ ಟೈಲರ್ ಶೇಖರಪ್ಪನವರ ಟಿವಿಯಿಂದ. ಅದರಲ್ಲಿ ಇಂಗ್ಲಿಷ್ ಸಿನಿಮಾಗಳು ಬರುತ್ತಿದ್ದವು. ನಾವು ಅವರ ಅಂಗಳದಲ್ಲಿ ಕೂತು ಕಿಟಕಿಯಿಂದ ನೋಡುವವರು. ಮಾತು ಕೇಳಿಸುತ್ತಿರಲಿಲ್ಲ, ಕೇಳಿಸಿದರೂ ತಿಳಿಯುತ್ತಿರಲಿಲ್ಲ. ಯಾರು ಯಾರನ್ನು ಯಾಕೆ ಸುಡುತ್ತಾರೆ, ಆ ಹೆಂಗಸು ಯಾಕೆ ಅಳುತ್ತಾಳೆ, ಒಂದೂ ಗೊತ್ತಿಲ್ಲ. ಕತೆ ತಿಳಿಯದವನಿಗೆ ಉಳಿಯುವುದೇನು? ಆಕಾರ. ಹಾಗಾಗಿ ನಾವಿಬ್ಬರೂ ರಾಕೆಟ್ಟುಗಳ ಆಕಾರ ನೋಡಿಕೊಂಡು ಬಂದು, ಮನೆಯ ಜಗಲಿಯಲ್ಲಿ ಕೂತು, ಯಾವುದು ಎಲ್ಲಕ್ಕಿಂತ ಕುರೂಪ ಎಂದು ಜಗಳ ಆಡುತ್ತಿದ್ದೆವು. ಚಂದದ ರಾಕೆಟ್ಟು ಯಾವುದೆಂಬ ಬಗ್ಗೆ ಜಗಳವೇ ಇರಲಿಲ್ಲ, ಇಬ್ಬರಿಗೂ ಒಂದೇ ಚಂದ ಕಾಣುತ್ತಿತ್ತು. ಕುರೂಪದಲ್ಲಿ ಮಾತ್ರ ನಮ್ಮ ದಾರಿ ಬೇರೆ.

ಎರಡು ಬೋಗುಣಿ ಒಂದರ ಮೇಲೊಂದು ಮಗುಚಿದಂಥದ್ದು ಒಂದಿತ್ತು. ಇಸ್ತ್ರಿ ಪೆಟ್ಟಿಗೆಯಂಥದ್ದು ಒಂದು. ಇನ್ನೊಂದರ ಮೈತುಂಬ ಕೊಳವೆಗಳು, ಸುರುಳಿಗಳು. ಕುರಿ ಕೊಯ್ದಾಗ ಹೊರಬೀಳುವ ಬೋಟಿಯ ಹಾಗೆ ಜೋತಾಡುತ್ತಿದ್ದವು. ನಾವು ಅದಕ್ಕೆ ಬೋಟಿ ರಾಕೆಟ್ಟು ಎಂದೇ ಹೆಸರಿಟ್ಟಿದ್ದೆವು. ಲೋಕದಲ್ಲಿ ಅದಕ್ಕಿಂತ ಅಸಹ್ಯ ಇಲ್ಲ ಎಂದು ನಾನು. ಪೀರ ಒಪ್ಪುತ್ತಿರಲಿಲ್ಲ.

"ಅಣ್ಣ, ಕರುಳು ಒಳಗಿದ್ರೆ ಕೆಟ್ಟಾಗ ಹೊಟ್ಟೆ ಕುಯ್ಯಬೇಕು. ಹೊರಗಿದ್ರೆ ಪಾನ ಹಾಕಿ ತಿರುವಿದ್ರೆ ಆತು. ಅದನ್ನ ಮಾಡ್ದೋನು ಶಾಣ್ಯಾ."

"ಶಾಣ್ಯಾ ಇರಬೌದು. ನೋಡಾಕೆ ಹೆಂಗೈತೆ ಹೇಳು."

"ಆಕಾಶದಾಗೆ ಯಾರ್ ನೋಡ್ತಾರೆ?"

"ನಾವು ನೋಡ್ತಾ ಇಲ್ವೇನಲೇ!"

ಅವ್ವ ಒಳಗಿನಿಂದ ಕೂಗುವಳು: "ನಿಮ್ಮ ರಾಕೆಟ್ಟಿಗೆ ಬೆಂಕಿ ಬೀಳ, ಮುದ್ದೆ ಆರ್ತೈತೆ ಬರ್ರೋ."

ಒಂದು ಕಟ್ಟಳೆ ಇತ್ತು. ವಾದದಲ್ಲಿ ಸೋತವನು ಜಗಲಿಯ ತುದಿಯಲ್ಲಿ ನಿಂತು, ಬೀದಿಯವರಿಗೆ ಕೇಳುವ ಹಾಗೆ "ನಂದೇ ಸೋಲು" ಎಂದು ಕೂಗಬೇಕು. ಪೀರ ಸೋತಾಗ ಕೂಗಿಬಿಡುತ್ತಿದ್ದ, ಅದೂ ನಗುತ್ತಾ, ದಾರಿಹೋಕರಿಗೆ ಕೈ ಬೀಸುತ್ತಾ. ನಾನು ಒಂದು ಸಲವೂ ಕೂಗಲಿಲ್ಲ. ಗೆದ್ದೆ ಅಂತಲ್ಲ. ಸೋಲುವ ಹೊತ್ತಿಗೆ ಸರಿಯಾಗಿ ನನಗೆ ನೀರಡಿಕೆ ಆಗುತ್ತಿತ್ತು, ಇಲ್ಲವೇ ಅಪ್ಪ ಕರೆದ ಹಾಗೆ ಕೇಳಿಸುತ್ತಿತ್ತು. ದೊಡ್ಡವನಾಗಿ ಹುಟ್ಟಿದ್ದರಿಂದ ಆದ ಲಾಭ ಇದೊಂದೇ.

ಆರನೇ ತರಗತಿ ಮುಗಿಯುವ ಮೊದಲೇ ನಾನು ಅಪ್ಪನ ಹಿಂದೆ ಹತ್ತಿ ಗಂಟು ಹೊತ್ತೆ. ಪೀರ ಎಸ್ಸೆಸ್ಸೆಲ್ಸಿವರೆಗೆ ಹೋಗಿ ಗಣಿತದಲ್ಲಿ ಡುಮ್ಕಿ ಹೊಡೆದ. ಆಮೇಲೆ ವೆಲ್ಡಿಂಗ್ ಕಲಿತ. ಜಗಳೂರಿನ ಹುಡುಗಿಯನ್ನು ಮದುವೆಯಾಗಿ ಅಲ್ಲಿಯೇ ಶೆಡ್ಡು ಹಾಕಿದ. ಮೆಕ್ಕೆಜೋಳ ಬಿಡಿಸುವ ಮಿಷನ್ ರಿಪೇರಿ, ಕುರಿಹಟ್ಟಿಗೆ ಗೇಟು, ಟ್ರ್ಯಾಕ್ಟರ್ ಟ್ರೇಲರಿಗೆ ಪಟ್ಟಿ ಹಾಕುವುದು. ಈಚೆಗೆ ಮದುವೆ ಮೆರವಣಿಗೆಯ ಗಾಡಿಗಳನ್ನೂ ಕಟ್ಟತೊಡಗಿದ. ನೀವು ನೋಡಿರುತ್ತೀರಿ, ಹಳೆ ಜೀಪಿನ ಮೇಲೆ ಹಂಸ, ಕಮಲ, ನವಿಲು ಕೂರಿಸಿ, ಬಲ್ಬು ಸುತ್ತಿ, ಒಳಗೆ ಮದುಮಗನನ್ನು ಕೂರಿಸಿಕೊಂಡು ಹೋಗುವಂಥವು.

ಜಗಳ ಮಾತ್ರ ನಿಂತಿರಲಿಲ್ಲ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ನಾನು ಅಂಗಡಿಗೆ ಬಂದು ಕೂರುವುದೇ ತಡ, ಫೋನಿನಲ್ಲಿ ಒಂದು ಚಿತ್ರ ಬಂದು ಬೀಳುತ್ತಿತ್ತು. ಹಿಂದೆಯೇ ಅವನ ಕರೆ.

"ಅಣ್ಣ, ಹೊಸಾದು ಸಿಕ್ಕೈತೆ. ನೋಡಿದ್ಯಾ? ತೆಂಗಿನ ಚಿಪ್ಪಿಗೆ ಪೊರಕೆ ಚುಚ್ಚಿದಂಗೆ!"

"ಇದೇನ್ ಕುರೂಪನಲೇ? ಒಂಥರಾ ಗತ್ತೈತೆ. ಬೋಟಿ ಮುಂದೆ ಇದು ಮದುಮಗಳು."

"ಇನ್ನೂ ಬೋಟಿ ಬಿಡಲ್ಲ ನೀನು."

"ಆಕಾರ ಹಾಳಾಗಿ ಹೋಗ್ಲಿ. ಒಳಗೆ ನೋಡು, ಎಲ್ಲೂ ಒಂದು ಹಾಸಿಗೆ ಇಲ್ಲ. ವರ್ಷಗಟ್ಲೆ ನಿದ್ದೆ ಮಾಡ್ಕಂಡು ಹೋಗೋರಂತೆ, ಮಲಗೋದು ಗಾಜಿನ ಪೆಟ್ಟಿಗ್ಯಾಗೆ, ಮೀನಿನಂಗೆ. ಅಷ್ಟು ಖರ್ಚು ಮಾಡ್ದೋರಿಗೆ ಒಂದು ಅರಳೆ ಗಾದಿ ಹೊಲಿಸಾಕೆ ಏನಾಗಿತ್ತು? ಹಾಸಿಗೆ ಇಲ್ಲದ್ದು ಯಾವ್ದಿದ್ರೂ ಕುರೂಪನೇ."

ಈ ಮಾತು ಆಡಿದವನು ನಾನೇ. ನನ್ನ ಬಾಯಿಂದಲೇ ಬಂದದ್ದು. ನೆನಪಿಟ್ಟುಕೊಳ್ಳಿ.

ಕಳೆದ ಬೇಸಿಗೆಗೆ ನನ್ನ ಮಗ ರಿಯಾಜನ ಮದುವೆ ಗೊತ್ತಾಯಿತು. ಅವನು ಮೊಬೈಲ್ ರಿಪೇರಿ ಮಾಡುವವನು. ಹೆಣ್ಣು ಚನ್ನಗಿರಿಯದು. ಬೀಗರು ಗೌಸ್ ಸಾಬ್ ಅಡಿಕೆ ವ್ಯಾಪಾರಸ್ಥರು, ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವಂಥವರು. ಮೊದಲ ಸಲ ಅವರ ಸೋಫಾದ ಮೇಲೆ ಕೂತಾಗ ಕೈ ಸುಮ್ಮನಿರದೆ ಮೆತ್ತೆ ಒತ್ತಿ ನೋಡಿದೆ. ಫಾತಿಮಾ, ಅಂದರೆ ನನ್ನ ಹೆಂಡತಿ, ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು. ಒಳ್ಳೆಯ ಫೋಮು. ಆ ಫೋಮಿನ ಮೇಲೆ ಕೂತ ಗಳಿಗೆಯಿಂದ ನನಗೆ ಒಂದು ಬಗೆಯ ಅಂಜಿಕೆ ಹತ್ತಿಕೊಂಡಿತು. ನಮ್ಮ ಚಪ್ಪಲಿ, ನಮ್ಮ ಮಾತು, ನಮ್ಮ ನೆಂಟರು, ಎಲ್ಲವೂ ಕಡಿಮೆಯಾಗಿ ಕಾಣತೊಡಗಿದವು.

ಪೀರ ನಿಶ್ಚಯಕ್ಕೆ ಬಂದಿರಲಿಲ್ಲ. ಅದು ಮೆಕ್ಕೆಜೋಳದ ಸುಗ್ಗಿ, ಮಿಷನ್ನುಗಳು ಅವನ ಶೆಡ್ಡಿನ ಮುಂದೆ ಸಾಲುಗಟ್ಟಿದ್ದವು. ಫೋನಿನಲ್ಲೇ ಕುಣಿದಾಡಿದ. "ರಿಯಾಜನ ಮೆರವಣಿಗೆಗೆ ಗಾಡಿ ನಂದು. ನವಿಲು ಗಿವಿಲು ಬ್ಯಾಡ. ರಾಕೆಟ್ಟು ಕಟ್ತೀನಿ. ಒಳಗಿನ ಸೀಟು ನಿಂದು. ನಿನ್ನ ಕೈ ಇರ್ಲಿ ಅದರಾಗೆ."

ವಾರ ಕಳೆಯುವುದರೊಳಗೆ ಬೆಳ್ಳಿ ರೆಕ್ಸಿನ್ ಸುರುಳಿ ಬಸ್ಸಿನಲ್ಲಿ ಬಂತು. ಅಳತೆಯನ್ನು ಫೋನಿನಲ್ಲಿ ಮಾತಾಡಿ ಕಳಿಸಿದ್ದ. ಮಧ್ಯೆ ಮಧ್ಯೆ ಗಾಡಿಯ ಚಿತ್ರಗಳೂ ಬಂದವು. ಏನು ಹೇಳಲಿ. ಜೋಳ ಸುರಿಯುವ ಮಿಷನ್ನಿನ ಬಾಯನ್ನು ಮಗುಚಿ ಮೂತಿ ಮಾಡಿದ್ದ. ಎರಡು ಕಡೆ ಡ್ರಮ್ಮು. ಕಿಟಕಿಗೆ ಕುರಿಹಟ್ಟಿಯ ಜಾಲರಿ. ನೆತ್ತಿಯ ಮೇಲೆ ಯಾರೋ ಬಿಸಾಕಿದ ಡಿಶ್ ತಟ್ಟೆ. ಮೈತುಂಬ ಕೊಳವೆ. ನಾನು ಜೀವಮಾನವೆಲ್ಲ ಬೈದ ಬೋಟಿಯೇ, ಹುಟ್ಟಿ ಬೆಳೆದು ನನ್ನ ಮಗನ ಮದುವೆಗೆ ಬರುತ್ತಿತ್ತು.

ಬೇಡ ಅಂದಿದ್ದರೆ ಮುಗಿಯುತ್ತಿತ್ತು. ಜಗಳವಾಡಿ ಅಭ್ಯಾಸ ಇದ್ದವರು ನಾವು, ಇನ್ನೊಂದು ಜಗಳವಾಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ. "ಫೋಮು ಬಂದಿಲ್ಲ" ಅಂದೆ. "ಮಿಷನ್ ಕೈಕೊಟ್ಟೈತೆ" ಅಂದೆ. ಮತ್ತೆ ಅದೇ ನೀರಡಿಕೆ. ಅವನಿಗೆ ಹೇಳದೆ ಚನ್ನಗಿರಿಯಲ್ಲಿ ಒಂದು ನವಿಲು ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡಿದೆ. ಸೀಟಿಲ್ಲದಿದ್ದರೆ ಅವನೇ ಬಿಟ್ಟುಬಿಡುತ್ತಾನೆ ಎಂದುಕೊಂಡೆ. ತಮ್ಮನನ್ನು ಇಷ್ಟು ವರ್ಷ ಕಂಡೂ ನಾನು ತಿಳಿದದ್ದು ಅಷ್ಟೇ.

ಮದುವೆಯ ದಿನ ಅವನು ರಾಕೆಟ್ಟನ್ನು ಜಗಳೂರಿನಿಂದ ಚನ್ನಗಿರಿವರೆಗೆ ತಾನೇ ಓಡಿಸಿಕೊಂಡು ಬಂದ. ಕೆರೆಬಿಳಚಿಯಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಮಕ್ಕಳು ಮುತ್ತಿಕೊಂಡು ಬಿಡಲಿಲ್ಲವಂತೆ. ಸೀಟಿನ ಜಾಗದಲ್ಲಿ ಎರಡು ಹಲಗೆ ಹಾಕಿ ಮೇಲೆ ಕಂಬಳಿ ಮಡಿಸಿ ಹಾಸಿದ್ದ. ಶಾದಿಮಹಲಿನ ಗೇಟಿನ ಬಳಿ ಅದು ಕೆಮ್ಮುತ್ತಾ ಬಂದು ನಿಂತಾಗ, ಬೀಗರ ಕಡೆಯವರು ಬರುವಷ್ಟರಲ್ಲಿ ನಾನು ಓಡಿಹೋಗಿ, "ಹಿಂದುಗಡೆ ನಿಲ್ಸಲೇ, ಇಲ್ಲಿ ಜಾಗ ಇಲ್ಲ" ಎಂದೆ. ಹಿಂದುಗಡೆ ಅಂದರೆ ಅಡಿಗೆಯವರು ಬಿರಿಯಾನಿಯ ದೇಗು ಕೂರಿಸಿದ್ದ ಜಾಗ. ಅವನು ಗೇಟಿನ ಪಕ್ಕ ನಿಂತಿದ್ದ ನವಿಲು ಗಾಡಿಯನ್ನೂ ನೋಡಿದ, ನನ್ನನ್ನೂ ನೋಡಿದ. ರಾಕೆಟ್ಟನ್ನು ಹಿಂದಕ್ಕೆ ಒಯ್ದ.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಪುಟಗಳನ್ನು ತುಂಬುತ್ತಿರಲಿಲ್ಲ. ಗೌಸ್ ಸಾಬ್ ಅಡಿಗೆ ನೋಡಲು ನನ್ನನ್ನು ಕರೆದುಕೊಂಡು ಹಿಂದುಗಡೆ ಬಂದರು. ರಾಕೆಟ್ಟಿನ ಒಳಗೆ ಅಡಿಗೆಯವರು ಆಗಲೇ ಈರುಳ್ಳಿ ಚೀಲ ಒಟ್ಟಿದ್ದರು.

"ಇದೇನ್ರೀ ಇದು? ಯಾರದ್ದು?" ಎಂದರು ಬೀಗರು.

"ಯಾರದೋ ಏನೋ. ಅಡಿಗೆಯೋರದ್ದು ಇರಬೇಕ್ರಿ" ಎಂದೆ.

ಪೀರ ಅದರ ಆಚೆ ಬದಿಯಲ್ಲಿ, ಕೈಗೆ ಹತ್ತಿದ ಆಯಿಲನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಾ ನಿಂತಿದ್ದ. ಕುರಿಹಟ್ಟಿಯ ಜಾಲರಿಯ ಮೂಲಕ ಅವನ ಮುಖ ಕಂಡಿತು. ಬೀಗರು ಒಳ್ಳೆಯ ಮನುಷ್ಯ. ಪೀರನನ್ನು ನೋಡಿ, "ಪಾಪ, ದೂರದಿಂದ ಬಂದಂಗೈತೆ. ಡ್ರೈವರ್‌ಗಳ ಪಂಕ್ತ್ಯಾಗೆ ಊಟಕ್ಕೆ ಕೂರಿಸ್ರೋ" ಎಂದು ಹುಡುಗರಿಗೆ ಹೇಳಿದರು. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು. ನಾನು ದೇಗಿನ ಮುಚ್ಚಳ ಎತ್ತಿ, "ಘಮ ಚೆನ್ನಾಗೈತೆ" ಎಂದೆ.

ಮದುಮಗನ ಚಿಕ್ಕಪ್ಪ ಡ್ರೈವರ್‌ಗಳ ಸಾಲಿನಲ್ಲಿ ಉಂಡ. ನಿಖಾದ ಹೊತ್ತಿಗೆ ರಿಯಾಜ್ ಮುಖಕ್ಕೆ ಇಳಿಬಿಟ್ಟ ಹೂವಿನ ಸೆಹರಾದ ನಡುವಿನಿಂದ "ಚಿಕ್ಕಪ್ಪ ಎಲ್ಲಿ?" ಎಂದು ನನ್ನನ್ನು ಕೇಳಿದ. ಯಾರನ್ನೋ ಹುಡುಕಲು ಹೋದವನ ಹಾಗೆ ನಾನು ಅತ್ತಿತ್ತ ತಿರುಗಾಡಿದೆ. ಹಿಂದುಗಡೆ ಈರುಳ್ಳಿ ಚೀಲಗಳು ನೆಲದ ಮೇಲಿದ್ದವು. ರಾಕೆಟ್ಟು ಇರಲಿಲ್ಲ. ಮೆರವಣಿಗೆ ಹೊರಟ ಆ ನವಿಲೋ, ಮಸೀದಿ ರಸ್ತೆಯ ತಿರುವಿನಲ್ಲಿ ಬಾಲ ಕರೆಂಟು ವೈರಿಗೆ ತಗಲುತ್ತದೆಂದು ನಿಂತುಬಿಟ್ಟಿತು. ಅದರ ಕುತ್ತಿಗೆಯ ಬಲ್ಬುಗಳು ಅರ್ಧ ಉರಿಯುತ್ತಿರಲಿಲ್ಲ. ಕತ್ತು ಹಿಸುಕಿದ ಕೋಳಿಯ ಹಾಗೆ ಕಾಣುತ್ತಿತ್ತು. ಅದರೊಳಗೆ ಕೂತ ನನ್ನ ಮಗ ನಗಲಿಲ್ಲ.

ಮುಂದಿನ ಶುಕ್ರವಾರ ಫೋನು ಸುಮ್ಮನಿತ್ತು. ಅದರ ಮುಂದಿನದೂ. ಜುಮ್ಮಾದಿಂದ ಬಂದು ನಾನು ಫೋನನ್ನು ಮಿಷನ್ನಿನ ಮೇಲೆ ಇಡುತ್ತಿದ್ದೆ, ತೆಗೆದು ಜೇಬಿಗೆ ಹಾಕುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ. ಕೂತರೆ ಎದ್ದು ಹೋಗಬೇಕು ಅನ್ನಿಸುವುದು, ಎದ್ದರೆ ಎಲ್ಲಿಗೆ ಅಂತ ತಿಳಿಯದು. ಒಂದು ದಿಂಬಿಗೆ ಎರಡು ಸಲ ಅರಳೆ ತುಂಬಿ ಅದು ಹೊಲಿಗೆ ಬಿಚ್ಚಿಕೊಂಡಿತು. ಒಂದು ಸಲ ನಾನೇ ಹುಡುಕಿ ಒಂದು ರಾಕೆಟ್ಟಿನ ಚಿತ್ರ ಕಳಿಸಿದೆ. ಹುರಿದ ಬದನೆಕಾಯಿಗೆ ರೆಕ್ಕೆ ಹಚ್ಚಿದಂಥದ್ದು, ಜಗಳಕ್ಕೆ ಹೇಳಿ ಮಾಡಿಸಿದ್ದು. ಅವನು ನೋಡಿದ ಗುರುತು ಬಂತು. ಬಹಳ ಹೊತ್ತಿನ ಮೇಲೆ "ಚೆನ್ನಾಗೈತೆ" ಎಂದು ಬರೆದ. ಪೀರ ಯಾವ ರಾಕೆಟ್ಟಿಗೂ ಇಷ್ಟು ಸುಲಭವಾಗಿ ಚೆನ್ನಾಗೈತೆ ಅಂದವನಲ್ಲ. ಬೈದಿದ್ದರೆ ಊಟ ಸೇರುತ್ತಿತ್ತು.

ಫಾತಿಮಾಗೆ ಸಾಕಾಗಿತ್ತು. "ಆ ಸುರುಳೀನ ಹಾವು ನೋಡಿದಂಗೆ ನೋಡ್ಕೋತ ಎಷ್ಟು ದಿನ ಕುಂದುರ್ತೀರಿ? ಬಾಯಿಂದ ಆಗ್ದಿದ್ರೆ ಕೈಯಿಂದಾದ್ರೂ ಮಾಡ್ರಿ. ಹೊಲೀರಿ ಅತ್ಲಾಗೆ."

ಹೊಲಿದೆ. ಫೋಮು ಮುಟ್ಟಲಿಲ್ಲ. ಬೂರಗದ ಅರಳೆ ತರಿಸಿ, ಗೋಡೆಗೆ ನೇತುಹಾಕಿದ್ದ ಅಪ್ಪನ ಬಿಲ್ಲು ಇಳಿಸಿ, ದಾರ ಕಟ್ಟಿ ಹಿಂಜಿದೆ. ಅಂಗಡಿಯ ತುಂಬ ಅರಳೆ ಹಾರಿತು. ಪಕ್ಕದ ಬೇಕರಿಯವನು ಬಂದು ತನ್ನ ಬನ್ನುಗಳಿಗೆಲ್ಲ ಗಡ್ಡ ಬಂದಿದೆ ಎಂದು ಕೂಗಾಡಿ ಹೋದ. ಅಳತೆಗಾಗಿ ಪೀರ ಹಿಂದೆ ಕಳಿಸಿದ್ದ ಮಾತನ್ನು ಫೋನಿನಲ್ಲಿ ಮತ್ತೆ ಹಚ್ಚಿ ಕೇಳಿದೆ. "ಅಗಲ, ಇಬ್ರು ಕುಂತು ನಡುವೆ ಒಂದು ಕೂಸು ಹಿಡಿಯಂಗೆ ಮಾಡಣ್ಣ. ಮುಂದೆ ರಿಯಾಜನ ಕೂಸೂ ಕುಂದ್ರಬೇಕಲ್ಲ" ಎಂದು ನಗುತ್ತಿದ್ದ. ಅಳತೆಗೆ ಅಷ್ಟು ಸಾಕಿತ್ತು. ಆದರೂ ಮತ್ತೆ ಮತ್ತೆ ಕೇಳಿದೆ.

ಎರಡು ಮೆತ್ತೆಗಳನ್ನು ಗಂಟು ಕಟ್ಟಿ ಬಸ್ ಹತ್ತಿದೆ. ದಾವಣಗೆರೆಯಲ್ಲಿ ಇಳಿದು ಜಗಳೂರು ಬಸ್ ಹಿಡಿದಾಗ ಕಂಡಕ್ಟರ್ ತಡೆದ.

"ಏನ್ ಅಜ್ಜ ಇದು, ಬೆಳ್ಳಿ ಹಾಸಿಗೆ? ಯಾವ ರಾಜಂದು?"

"ರಾಕೆಟ್ಟಿಂದು."

"ಹಂಗಾದ್ರೆ ಮ್ಯಾಲೆ ಹಾಕ್ರಿ" ಎಂದು ಬಸ್ಸಿನ ನೆತ್ತಿ ತೋರಿಸಿದ. ನಾನು ಕೊಡಲಿಲ್ಲ. ತೊಡೆಯ ಮೇಲೆ ಒಂದು, ಕಾಲ ಸಂದಿಯಲ್ಲಿ ಒಂದು ಇಟ್ಟುಕೊಂಡು ಹೋದೆ. ಹೊರಗೆ ಬಯಲು, ಶೇಂಗಾ ಹೊಲ, ರಸ್ತೆ ದಾಟುವ ಕುರಿಗಳು. ಒಂದೊಂದು ಕುರಿಗೂ ಬಸ್ಸು ನಿಲ್ಲುತ್ತಿತ್ತು. ಏನು ಹೇಳಬೇಕೆಂದು ನಾನು ಕಲಿಯುತ್ತಿದ್ದೆ, ಬಸ್ಸು ಮತ್ತೆ ಹೊರಟಾಗ ಮರೆಯುತ್ತಿದ್ದೆ.

ಪೀರನ ಶೆಡ್ಡು ರಸ್ತೆಯ ಪಕ್ಕದಲ್ಲೇ. ಬಿಚ್ಚಿಟ್ಟ ಮಿಷನ್ನುಗಳ ನಡುವೆ ರಾಕೆಟ್ಟು ನಿಂತಿತ್ತು. ಕೋಳಿಯೊಂದು ಅದರ ಡಿಶ್ ತಟ್ಟೆಯಲ್ಲಿ ಕೂತಿತ್ತು. ಪೀರ ವೆಲ್ಡಿಂಗ್ ಕನ್ನಡಕ ಎತ್ತಿ ನನ್ನನ್ನು ನೋಡಿದ.

"ಬಂದ್ಯಾ? ಊಟ ಆತಾ?"

"ಆತು."

ಸುಳ್ಳು. ಅವನು ನನ್ನ ಕೈಯಲ್ಲಿದ್ದ ಗಂಟು ಇಸಿದುಕೊಂಡ. ಬಿಚ್ಚಿದ. ರೆಕ್ಸಿನ್ ಗುರುತು ಹಿಡಿದ. ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ, "ಅರಳೆ" ಎಂದ. ಇಬ್ಬರೂ ಸೇರಿ ಹಲಗೆ ತೆಗೆದು ಕೂರಿಸಿದೆವು. ಅಳತೆ ಸರಿಯಿತ್ತು, ಆದರೆ ನನ್ನ ಪಾಪಭಾರವೆಲ್ಲ ತುಂಬಿ ಮೆತ್ತೆ ಬಲು ದಪ್ಪವಾಗಿತ್ತು. ಕೂತು ನೋಡಿದರೆ ಇಬ್ಬರ ತಲೆಯೂ ತಗಡಿಗೆ ಬಡಿಯಿತು.

"ಟೊಪ್ಪಿಗೆ ಇಟ್ಟ ಮದುಮಗ ಕುಂತ್ರೆ ಕುತ್ತಿಗೆ ಮುರೀತೈತೆ" ಎಂದ ಪೀರ.

"ಕೂತು ಕೂತು ಇಳೀತೈತೆ ಬಿಡು. ಅರಳೆ ಅಲ್ವಾ."

"ಹ್ಞೂಂ."

ತಲೆ ಬಗ್ಗಿಸಿಕೊಂಡು ಇಬ್ಬರೂ ಜಾಲರಿಯಿಂದ ಹೊರಗೆ ನೋಡುತ್ತಾ ಕೂತೆವು. ಇದೇ ಜಾಲರಿ. ಅವತ್ತು ಅವನಿಗೆ ನಾನು ಹೀಗೆ ಕಂಡಿದ್ದೆ, ಚೌಕ ಚೌಕವಾಗಿ ಕತ್ತರಿಸಿದವನ ಹಾಗೆ. ಈ ಸಲ ನಿಜವಾಗಿಯೇ ನೀರಡಿಕೆ. ಎದುರಿಗೇ ನೀರಿನ ಕೊಡವಿತ್ತು. ಎದ್ದರೆ ಕೆಟ್ಟೆ ಅನ್ನಿಸಿತು.

ಫೋನ್ ತೆಗೆದು ಬೀಗರಿಗೆ ಹಚ್ಚಿದೆ, ಪೀರನಿಗೂ ಕೇಳುವ ಹಾಗೆ.

"ಸಲಾಂ ಬೀಗರೆ. ಮದುವೆ ದಿನ ಅಡಿಗೆ ಹತ್ರ ಒಂದು ಗಾಡಿ ನೋಡಿ ಯಾರದ್ದು ಅಂತ ಕೇಳಿದ್ರಲ್ಲ. ಅದು ಅಡಿಗೆಯೋರದ್ದಲ್ಲ. ನನ್ನ ತಮ್ಮಂದು. ನೀವು ಡ್ರೈವರ್ ಅಂತ ಊಟಕ್ಕೆ ಕಳಿಸಿದ್ರಲ್ಲ, ಅವನೇ ನನ್ನ ತಮ್ಮ ದಾದಾಪೀರ. ನಾನು ಸುಳ್ಳು ಹೇಳಿದ್ದೆ."

"ಯಾ ಅಲ್ಲಾ, ಎಂಥ ಕೆಲಸ ಮಾಡಿಸಿದ್ರಿ ನನ್ನ ಕೈಯಾಗೆ" ಎಂದರು ಗೌಸ್ ಸಾಬ್. "ಅವರನ್ನ ಮನೆಗೆ ಕರ್ಕೊಂಡ್ ಬರ್ರಿ. ಆ ಗಾಡ್ಯಾಗೇ ಬರ್ರಿ."

ಫೋನ್ ಇಟ್ಟ ಮೇಲೂ ಪೀರ ಜಾಲರಿಯನ್ನೇ ನೋಡುತ್ತಿದ್ದ. "ಅವರಿಗೆ ಹೇಳ್ದೆ ನೀನು" ಎಂದ ಮೆಲ್ಲಗೆ. ತನಗೆ ಹೇಳಲಿಲ್ಲ ಎಂಬುದು ಅದರ ಅರ್ಥ.

ನಾನು ಇಳಿದು ರಾಕೆಟ್ಟಿನ ಮೆಟ್ಟಿಲ ಹಲಗೆಯ ಮೇಲೆ ನಿಂತೆ. ಅದು ನ್ಯಾಮತಿಯ ಜಗಲಿಯಷ್ಟೇ ಎತ್ತರವಿತ್ತು. ರಸ್ತೆಯಲ್ಲಿ ಕುರಿಯವರು ಹೋಗುತ್ತಿದ್ದರು. ಚಾ ಅಂಗಡಿಯ ಮುಂದೆ ನಾಲ್ಕು ಜನ ಕೂತಿದ್ದರು. ಅವರೆಲ್ಲರೂ ತಿರುಗಿ ನೋಡುವ ಹಾಗೆ ಕೂಗಿದೆ:

"ನಂದೇ ಸೋಲು! ಲೋಕದಾಗೆ ಎಲ್ಲಕ್ಕಿಂತ ಕುರೂಪದ್ದು ನಾನು ಬಾಡಿಗೆಗೆ ತಂದ ಆ ನವಿಲು. ಈ ರಾಕೆಟ್ಟು ನನ್ನ ತಮ್ಮ ಕಟ್ಟಿದ್ದು. ಯಾರದೋ ಏನೋ ಅಂದ್ಬಿಟ್ಟೆ ಪೀರ. ತಪ್ಪಾತು ನಂದು, ತಪ್ಪಾತು."